ಹೆಕ್ಸೇನ್ ಟ್ಯಾಂಕರ್‌ಗೆ ಗಂಗಾವತಿ ದಾರಿಯೋ, ಸಿಂಧನೂರು ದಾರಿಯೋ?

ಪ್ರಶ್ನೆ: ಕಾರಟಗಿ ಹತ್ತಿರದ ತೌಡಿನ ಎಣ್ಣೆ ಸಾಲ್ವೆಂಟ್ ಪ್ಲಾಂಟ್‌ಗೆ ನಮ್ಮ 20,000 ಲೀಟರ್ ಟ್ಯಾಂಕರ್ ಹೆಕ್ಸೇನ್ (ತೌಡಿನಿಂದ ಎಣ್ಣೆ ತೆಗೆಯಲು ಬಳಸುವ, ಬೇಗ ಹೊತ್ತಿಕೊಳ್ಳುವ ದ್ರವ) ತರುತ್ತದೆ. ವಿಜಯಪುರ ಕಡೆಯಿಂದ ಕುಷ್ಟಗಿವರೆಗೆ ರಾಷ್ಟ್ರೀಯ ಹೆದ್ದಾರಿ 50. ಅಲ್ಲಿಂದ ಹಿಟ್ನಾಳ, ಗಂಗಾವತಿ ಮೇಲೆ ಬರಬೇಕೋ, ತಾವರಗೇರಾ, ಸಿಂಧನೂರು ಮೇಲೋ? ಡ್ರೈವರ್‌ಗಳು ಯಾವುದು ಬೇಗವೋ ಅದೇ ಸರಿ ಅನ್ನುತ್ತಾರೆ.
— ಕಾರಟಗಿಯ ಓದುಗರು

ಉತ್ತರ: ಬೇಗ ಮುಟ್ಟುವ ಲೆಕ್ಕ ಸದ್ಯಕ್ಕೆ ಬಿಡಿ. ಟ್ಯಾಂಕರ್ ಮಗುಚಿದರೆ ಹೆಕ್ಸೇನ್ ಎಲ್ಲಿಗೆ ಹರಿಯುತ್ತದೆ, ಆ ಜಾಗದಲ್ಲಿ ಎಷ್ಟು ಜನ ಇರುತ್ತಾರೆ, ಮೊದಲು ಇದನ್ನು ನೋಡಿ. ಹೆಕ್ಸೇನ್ ನೀರಿಗಿಂತ ಹಗುರ, ನೀರಿನ ಮೇಲೆ ತೇಲಿ ಹೋಗುತ್ತದೆ. ಅದರ ಆವಿ ಮಾತ್ರ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ನೆಲಕ್ಕೆ ಅಂಟಿಕೊಂಡೇ ಮೋರಿ, ಚರಂಡಿ, ಕಾಲುವೆ ಪಾತ್ರ ಹಿಡಿದು ಸಾಗುತ್ತದೆ. ಗಾಳಿಯಲ್ಲಿ ಶೇ 1.1 ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಅದೇ ನೀರು ಮುಂದೆ ರಾಯಚೂರು ಜಿಲ್ಲೆಯಲ್ಲಿ ಕುಡಿಯುವುದಕ್ಕೂ ಹೋಗುತ್ತದೆ.

ಎರಡೂ ದಾರಿಯಲ್ಲಿ ಖಾಲಿ ಜೀಪಿನಲ್ಲಿ ಹಗಲು ಒಮ್ಮೆ ಹೋಗಿ ಬನ್ನಿ. ಪ್ರತಿ ಕಿಲೋಮೀಟರಿಗೂ ರಸ್ತೆಯ ಎರಡೂ ಬದಿ 300 ಮೀಟರ್ ಒಳಗೆ ಅಂದಾಜು ಎಷ್ಟು ಜನ ಎಂದು ಬರೆದುಕೊಳ್ಳಿ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಬೇರೆ ಗುರುತಿಸಿ. ಉದಾಹರಣೆಗೆ, ಊರೊಳಗಿನ 4 ಕಿಮೀಗೆ ಕಿಲೋಮೀಟರಿಗೆ 2,000 ಜನರಂತೆ 8,000. ಹೊಲದ ನಡುವಿನ 30 ಕಿಮೀಗೆ 50ರಂತೆ 1,500. ಅಂದರೆ ಊರು ತಪ್ಪಿಸಲು 30 ಕಿಮೀ ಸುತ್ತು ಹೊಡೆದರೂ ಲಾಭವೇ. ತಿರುವು, ಕಿರಿದಾದ ಸೇತುವೆ, ಬಣ್ಣ ಬಳಿಯದ ಹಂಪ್ ಇರುವ ಕಿಲೋಮೀಟರುಗಳ ಅಂಕಿಯನ್ನು ಎರಡರಿಂದ ಗುಣಿಸಿ. ಒರಟು ಲೆಕ್ಕ ನಿಜ, ಆದರೆ ಡ್ರೈವರ್ ಬಾಯಿಮಾತಿಗಿಂತ ವಾಸಿ.

ಕಾಲುವೆಯನ್ನು ಈ ಅಂಕಿಯಲ್ಲಿ ಕರಗಿಸಬೇಡಿ, ಬೇರೆ ಕಾಲಂ ಹಾಕಿ: ಎಷ್ಟು ಕಡೆ ದಾಟುತ್ತೀರಿ, ಎಷ್ಟು ದೂರ ಪಕ್ಕದಲ್ಲೇ ಓಡುತ್ತೀರಿ, ತಡೆಗೋಡೆ ಇದೆಯೇ, ಹತ್ತಿರದ ಗೇಟ್ ಎಲ್ಲಿ. ಎರಡು ದಾರಿಯ ಅಂಕಿ ಹತ್ತಿರ ಹತ್ತಿರ ಬಂದರೆ ಕಾಲುವೆ ಕಡಿಮೆ ಇರುವುದನ್ನೇ ಆರಿಸಿ. ಪ್ಲಾಂಟ್ ಕಾರಟಗಿಯ ಯಾವ ಮಗ್ಗುಲಿಗಿದೆ ಎಂಬುದನ್ನೂ ಸೇರಿಸಿಕೊಳ್ಳಿ. ಇಲ್ಲದಿದ್ದರೆ ಊರು ತಪ್ಪಿಸಿದೆವು ಅಂದುಕೊಂಡು ಕೊನೆಗೆ ಕಾರಟಗಿ ಪೇಟೆಯೊಳಗೇ ನುಗ್ಗಬೇಕಾದೀತು.

ದಾರಿಯಷ್ಟೇ ವೇಳೆಯೂ ಮುಖ್ಯ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಭತ್ತ ಹರವಿ, ಅಂಚಿಗೆ ಸಾಲಾಗಿ ಕಲ್ಲಿಟ್ಟಿರುತ್ತಾರೆ. ಹಗಲಲ್ಲಿ ಕಾಣುತ್ತದೆ, ರಾತ್ರಿ ಎದುರು ಲೈಟಿಗೆ ಕಣ್ಣು ಕುಕ್ಕಿದಾಗ ಆ ಕಲ್ಲು ಚಕ್ರದಡಿ ಬಂದ ಮೇಲೇ ಗೊತ್ತಾಗುವುದು. ಹಿಂದೆ ಲೈಟಿಲ್ಲದ ಹುಲ್ಲಿನ ಟ್ರ್ಯಾಕ್ಟರ್ ಇನ್ನೊಂದು ಕಂಟಕ. ಹಾಗಾಗಿ ಸುಗ್ಗಿ ತಿಂಗಳಲ್ಲಿ ರಾತ್ರಿ ಓಡಿಸಬೇಡಿ. ಬೆಳಕು ಹರಿದ ಮೇಲೆ ಕುಷ್ಟಗಿ ಬಿಟ್ಟು, ಶಾಲೆ ಗಂಟೆಗೆ ಮುಂಚೆ ದೊಡ್ಡ ಊರು ದಾಟಿ. ಸಂತೆ ದಿನ ಬೇಡ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹುಲಿಗೆಮ್ಮನ ಭಕ್ತರ ವಾಹನಗಳಿಂದ ಹಿಟ್ನಾಳ ಕಡೆಯ ರಸ್ತೆ ತುಂಬುತ್ತದೆ, ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಕೆಂಪು ಮಾಡಿ.

ತುಂಬುವಾಗ ಟ್ಯಾಂಕಿನಲ್ಲಿ ಜಾಗ ಬಿಡಬೇಕು. ನಸುಕಿನ 25 ಡಿಗ್ರಿಯಲ್ಲಿ ತುಂಬಿದ 20,000 ಲೀಟರ್ ಹೆಕ್ಸೇನ್ 40 ಡಿಗ್ರಿಗೆ ಕಾದರೆ ಸುಮಾರು 400 ಲೀಟರ್ ಹಿಗ್ಗುತ್ತದೆ. ಆದರೆ ಅರ್ಧ ಟ್ಯಾಂಕ್ ಇನ್ನೂ ಅಪಾಯ. ಗಂಗಾವತಿಯಲ್ಲಿ ಅರ್ಧ ಇಳಿಸಿ ಉಳಿದದ್ದನ್ನು ಕಾರಟಗಿಗೆ ಒಯ್ದರೆ, ತಿರುವಿನಲ್ಲಿ ದ್ರವ ಒಂದೇ ಬದಿಗೆ ನುಗ್ಗಿ ಗಾಡಿ ಮಗುಚುತ್ತದೆ. ಹಂಚಲೇಬೇಕಾದರೆ ಟ್ಯಾಂಕಿನೊಳಗಿನ ಪ್ರತಿ ಕಂಪಾರ್ಟ್‌ಮೆಂಟ್‌ನಿಂದ (ಬೇರೆ ಬೇರೆ ಖಾನೆ) ಅರ್ಧರ್ಧ ತೆಗೆಯದೆ, ಆಕ್ಸಲ್ ಮೇಲಿನ ಭಾರ ನೋಡಿಕೊಂಡು, ಪೂರ್ತಿ ಕಂಪಾರ್ಟ್‌ಮೆಂಟ್‌ಗಳನ್ನೇ ಖಾಲಿ ಮಾಡಿ.

ನಿಲ್ಲಿಸುವ ಜಾಗವನ್ನೂ ಮೊದಲೇ ಬರೆದುಕೊಡಿ. ಒಲೆ ಉರಿಯುವ ಡಾಬಾ ಪಕ್ಕ, ಕರೆಂಟ್ ತಂತಿ ಕೆಳಗೆ, ಕಾಲುವೆ ಏರಿ ಮೇಲೆ ಬೇಡ. ಡ್ರೈವರ್ ಊಟಕ್ಕೆ ಹೋದರೆ 18 ದಾಟಿದ, ವಿಷಯ ತಿಳಿದ ಇನ್ನೊಬ್ಬರು ಗಾಡಿ ಹತ್ತಿರ ಇರಬೇಕು.

ಪ್ರಶ್ನೆ: ಕಾಲುವೆ ಪಕ್ಕ ಟ್ಯಾಂಕರ್ ಮಗುಚಿ ಸೋರುತ್ತಿದ್ದರೆ ಡ್ರೈವರ್ ಮೊದಲು ಏನು ಮಾಡಬೇಕು?
— ಸಿಂಧನೂರಿನ ಓದುಗರು

ಉತ್ತರ: ಎಂಜಿನ್ ಬಂದ್ ಮಾಡಿ, ಕೈಗೆಟಕಿದರೆ ಬ್ಯಾಟರಿ ಸ್ವಿಚ್ ತೆಗೆದು, ಗಾಳಿ ಬರುವ ದಿಕ್ಕಿಗೆ ದೂರ ಹೋಗಿ ಅಲ್ಲಿಂದ 112ಕ್ಕೆ ಫೋನ್ ಮಾಡಲಿ. ಸುತ್ತ 50 ಮೀಟರ್ ಯಾರೂ ಇರಬಾರದು; ದೊಡ್ಡ ಸೋರಿಕೆಯಾದರೆ ಗಾಳಿ ಬೀಸುವ ಕಡೆ 300 ಮೀಟರ್, ಟ್ಯಾಂಕ್‌ಗೇ ಬೆಂಕಿ ಹತ್ತಿದರೆ ಎಲ್ಲ ದಿಕ್ಕಿಗೂ 800 ಮೀಟರ್. ಕೊಡ, ಬಕೆಟ್ ಹಿಡಿದು ಓಡಿ ಬರುವವರನ್ನು ತಡೆಯುವುದೇ ಅತಿ ಕಷ್ಟದ ಕೆಲಸ. ಬೈಕ್ ಸ್ಟಾರ್ಟ್ ಮಾಡಿದ ಕಿಡಿಯೂ ಸಾಕು.

ನೀರು ಹೊಡೆದರೆ ಹೆಕ್ಸೇನ್ ಬೆಂಕಿ ಆರದೆ ಹರಡುತ್ತದೆ, ನೊರೆ ಬೇಕು. ಬೆಂಕಿ ಇಲ್ಲದಿದ್ದರೆ, ಹತ್ತಿರ ಹೋಗದೆ, ಹರಿವಿನ ಮುಂದೆ ಮಣ್ಣಿನ ಬದು ಹಾಕಬಹುದು. ಕಾಲುವೆ ಗೇಟ್ ಇಳಿಸುವ ನೀರಾವರಿ ಎಂಜಿನಿಯರರ ನಂಬರ್ ದಾರಿ ಚೀಟಿಯಲ್ಲೇ ಇರಲಿ. ಆ ಗಳಿಗೆಯಲ್ಲಿ ಹುಡುಕುತ್ತಾ ಕೂತರೆ ಹೆಕ್ಸೇನ್ ಮುಂದಿನ ಹಳ್ಳಿ ದಾಟಿರುತ್ತದೆ.

ಪ್ರಶ್ನೆ: ಹೆಕ್ಸೇನ್ ಟ್ಯಾಂಕರ್ ಓಡಿಸಲು ಲಾರಿ ಲೈಸೆನ್ಸ್ ಇದ್ದರೆ ಸಾಲದೇ?
— ಕೊಪ್ಪಳದ ಓದುಗರು

ಉತ್ತರ: ಸಾಲದು. ಕೇಂದ್ರ ಮೋಟಾರು ವಾಹನ ನಿಯಮ 9ರಂತೆ 3 ದಿನದ ತರಬೇತಿ ಪಡೆದು, ಅಪಾಯಕಾರಿ ಸರಕಿನ ನಮೂದನ್ನು ಲೈಸೆನ್ಸ್‌ನಲ್ಲಿ ಹಾಕಿಸಬೇಕು. ಟ್ರೆಮ್ ಕಾರ್ಡ್ (ಅಪಘಾತವಾದರೆ ಏನು ಮಾಡಬೇಕೆಂಬ ಸೂಚನೆಗಳ ಚೀಟಿ) ಕ್ಯಾಬಿನ್‌ನಲ್ಲೇ ಇರಬೇಕು. ಡ್ರೈವರ್‌ಗೆ ಕನ್ನಡ ಬಾರದೆ ತೆಲುಗೋ ಹಿಂದಿಯೋ ಓದಲು ಬಂದರೆ ಆ ಭಾಷೆಯದ್ದನ್ನೇ ಕೊಡಿ. ಗಾಡಿಯ ಎರಡು ಬದಿ ಮತ್ತು ಹಿಂದೆ ತುರ್ತು ಮಾಹಿತಿ ಫಲಕ ಬೇಕು: ಹೆಕ್ಸೇನ್‌ನ ಯುಎನ್ ಸಂಖ್ಯೆ (ಅಪಾಯಕಾರಿ ಸರಕಿಗೆ ವಿಶ್ವಸಂಸ್ಥೆ ಕೊಟ್ಟ ಗುರುತಿನ ಸಂಖ್ಯೆ) 1208 ಕನಿಷ್ಠ 100 ಮಿಮೀ ಎತ್ತರದ ಅಂಕಿಯಲ್ಲಿ, ಹೆಸರು 50 ಮಿಮೀ ಅಕ್ಷರದಲ್ಲಿ. ಧೂಳು ಮೆತ್ತಿದ ಫಲಕವನ್ನು ಅಗ್ನಿಶಾಮಕದವರು ದೂರದಿಂದ ಓದಲಾರರು, ಪ್ರತಿ ಟ್ರಿಪ್‌ಗೂ ಕ್ಲೀನರ್ ಒರೆಸಲಿ.