ಮೊಲಕ್ಕೆ ಯಾವ ರೈಫಲ್? ನ್ಯೂಜಿಲೆಂಡಿಗೆ ಹೊರಟಿರುವ ಮದ್ದೂರಿನ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಓದಿ ಮುಂದಿನ ತಿಂಗಳು ನ್ಯೂಜಿಲೆಂಡಿನ ಸೆಂಟ್ರಲ್ ಒಟಾಗೋದ ಕುರಿ ಫಾರಂ ಒಂದಕ್ಕೆ ಕೆಲಸಕ್ಕೆ ಹೊರಟಿದ್ದೀಯ. ಮೊಲದ ಕಾಟ ವಿಪರೀತ, ಬಂದ ಮೇಲೆ ನೀನೂ ಹೊಡೆಯಬೇಕಾಗುತ್ತದೆ ಎಂದು ಮಾಲೀಕರು ಫೋನಿನಲ್ಲಿ ಹೇಳಿದ್ದಾರೆ. ಎನ್‌ಸಿಸಿಯಲ್ಲಿ .22 (ಅಂದರೆ ಗುಂಡಿನ ಅಗಲ ಸುಮಾರು 0.22 ಇಂಚು) ಹೊಡೆದದ್ದು ಬಿಟ್ಟರೆ ನಿನಗೆ ಬಂದೂಕಿನ ಪರಿಚಯ ಇಲ್ಲ. .22ರ ತೋಟಾ ಒಂದು ಸಲ ಹೊಡೆದರೆ ಮುಗಿಯಿತು, ಸೆಂಟರ್‌ಫೈರ್ ಆದರೆ ಖಾಲಿ ಕೇಸಿಗೆ, ಅಂದರೆ ತೋಟಾದ ಹಿತ್ತಾಳೆ ಕವಚಕ್ಕೆ, ಮತ್ತೆ ಮದ್ದು ತುಂಬಿ ಹೊಡೆಯಬಹುದು, ದುಡ್ಡು ಉಳಿಯುತ್ತದೆ ಎಂದು ಯಾರೋ ಹೇಳಿದ್ದಾರೆ. ಹಾಗಾದರೆ ಸೆಂಟರ್‌ಫೈರ್ ಅಳತೆಗಳಲ್ಲಿ ಹಾರ್ನೆಟ್ ತಗೊಳ್ಳಲಾ, .223 ತಗೊಳ್ಳಲಾ, .22-250 ತಗೊಳ್ಳಲಾ ಎಂದು ಕೇಳಿದ್ದೀಯ.

ನಾನು ಪಾಂಡವಪುರದ ಕಡೆಯವನು. ಆ ದೇಶದ ದಕ್ಷಿಣ ದ್ವೀಪದಲ್ಲಿ ನೆಲೆ ನಿಂತು ಬಹಳ ಕಾಲವಾಯಿತು, ಈಗ ರಜೆಗೆ ಊರಿಗೆ ಬಂದಿದ್ದೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಸೆಂಟರ್‌ಫೈರ್ ತಗೊಳ್ಳುವುದಾದರೆ .223, ಬೋಲ್ಟ್ ಆಕ್ಷನ್ (ಪ್ರತಿ ಸಲವೂ ಕೈಯಿಂದ ಬೋಲ್ಟ್ ಎಳೆದು ತೋಟಾ ಏರಿಸುವಂಥದ್ದು). ಆದರೆ ಅದು ನಿನ್ನ ಎರಡನೇ ರೈಫಲ್ ಆಗಬೇಕು, ಮೊದಲನೆಯದು .22 ಇರಲಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು. ನಮ್ಮೂರಲ್ಲಿ ಕಬ್ಬಿನ ಗದ್ದೆ ಅಂಚಿನಲ್ಲಿ ಕಾಣುವ ಕಾಡುಮೊಲವನ್ನು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಅದು ಹಾಗೇ ಇರಬೇಕು. ಅಲ್ಲಿಯ ಕಥೆಯೇ ಬೇರೆ. ಅಲ್ಲಿ ಮೊಲ ಆ ನೆಲದ ಪ್ರಾಣಿಯೇ ಅಲ್ಲ, 19ನೇ ಶತಮಾನದಲ್ಲಿ ಯುರೋಪಿನಿಂದ ಬಂದವರು ಮಾಂಸಕ್ಕೂ ಮೋಜಿಗೂ ತಂದು ಬಿಟ್ಟದ್ದು. 1876ರ ಹೊತ್ತಿಗೇ ಮೊಲದ ಕಾಟಕ್ಕೆಂದೇ ಒಂದು ಕಾಯ್ದೆ ಮಾಡಬೇಕಾಯಿತು. 1997ರಲ್ಲಿ ಸರ್ಕಾರದ ಅನುಮತಿ ಇಲ್ಲದೆ ಯಾರೋ ರೈತರೇ ಮೊಲ ಸಾಯುವ ವೈರಸ್ ಒಂದನ್ನು ತಂದು ಹರಡಿದರು, 2018ರಲ್ಲಿ ಅದರ ಇನ್ನೊಂದು ತಳಿಯನ್ನು ಅಧಿಕೃತವಾಗಿಯೇ ಬಿಟ್ಟರು. ಆದರೂ ಒಣ ಹವೆ, ಕಲ್ಲುಗುಡ್ಡ, ಗಿಡ್ಡ ಹುಲ್ಲು ಇರುವ ಸೆಂಟ್ರಲ್ ಒಟಾಗೋದಲ್ಲಿ ಮೊಲಗಳು ಮತ್ತೆ ಮತ್ತೆ ಹೆಚ್ಚುತ್ತಲೇ ಇವೆ. ಕುರಿಗೆ ಸಿಗಬೇಕಾದ ಹುಲ್ಲು ಹೋಗುತ್ತದೆ, ಬಿಲ ತೋಡಿ ತೋಡಿ ಇಳಿಜಾರಿನ ಮಣ್ಣು ಸಡಿಲವಾಗಿ ಗಾಳಿಗೆ ಹಾರಿಹೋಗುತ್ತದೆ. ನಿನ್ನ ಮಾಲೀಕರು ಶೋಕಿಗೆ ಕೇಳುತ್ತಿಲ್ಲ, ಅದು ಫಾರಂ ಕೆಲಸದ ಒಂದು ಭಾಗ.

ಈಗ .22ಕ್ಕೆ ಬರೋಣ. ಎನ್‌ಸಿಸಿಯಲ್ಲಿ ನೀನು ಹೊಡೆದದ್ದು ರಿಮ್‌ಫೈರ್. ಕಿಡಿ ಹೊತ್ತಿಸುವ ರಾಸಾಯನಿಕ ಕೇಸಿನ ತಳದ ಅಂಚಿನೊಳಗೇ ಇರುತ್ತದೆ, ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿ ಹೊತ್ತಿಸುತ್ತದೆ. ಒಮ್ಮೆ ಜಜ್ಜಿಹೋದ ಅಂಚಿಗೆ ಮತ್ತೆ ಏನೂ ಮಾಡಲು ಬರುವುದಿಲ್ಲ, ಅದಕ್ಕೇ ಅದು ಒಂದೇ ಸಲಕ್ಕೆ. ಸೆಂಟರ್‌ಫೈರ್‌ನಲ್ಲಿ ತಳದ ನಡುವೆ ಪ್ರೈಮರ್ ಅನ್ನುವ ಪುಟ್ಟ ಬಟ್ಟಲು ಬೇರೆಯಾಗಿ ಕೂತಿರುತ್ತದೆ. ಹಳೆಯದನ್ನು ತಳ್ಳಿ ಹೊಸದು ಕೂರಿಸಿ, ಮದ್ದು ಹಾಕಿ, ಗುಂಡು ಕೂರಿಸಿದರೆ ಅದೇ ಹಿತ್ತಾಳೆ ಕೇಸು ಮತ್ತೆ ಕೆಲಸಕ್ಕೆ ಬರುತ್ತದೆ. ಇಷ್ಟು ನಿಜ. ಆದರೆ ಇದರಿಂದ .22ಕ್ಕಿಂತ ಅಗ್ಗವಾಗುತ್ತದೆ ಅನ್ನುವುದನ್ನು ಮಾತ್ರ ನಂಬಬೇಡ. ಕೇಸಿಗೆ ದುಡ್ಡಿಲ್ಲ ಅಂದುಕೊಂಡರೂ ಪ್ರೈಮರ್, ಮದ್ದು, ಗುಂಡು ಮೂರನ್ನೂ ಕೊಳ್ಳಲೇಬೇಕಲ್ವಾ? ಅಂಗಡಿಯ ಸೆಂಟರ್‌ಫೈರ್ ತೋಟಾಗಿಂತ ಕಡಿಮೆ ಬೀಳುತ್ತದೆ, ಸಾಮಾನ್ಯ .22ಗಿಂತ ಅಲ್ಲ. ಜೊತೆಗೆ ಪ್ರೆಸ್ಸು, ಕೇಸನ್ನು ಮತ್ತೆ ಅಳತೆಗೆ ತರುವ ಡೈ, ತಕ್ಕಡಿ, ಕೇಸು ಕತ್ತರಿಸುವ ಟ್ರಿಮ್ಮರ್ ಇವಕ್ಕೆಲ್ಲ ಮೊದಲೇ ಖರ್ಚಿದೆ. ಮತ್ತೆ ತುಂಬಿಕೊಳ್ಳುವುದರ ನಿಜವಾದ ಲಾಭ ಬೇರೆ: ನಿನ್ನ ರೈಫಲ್ಲಿಗೆ ಒಪ್ಪುವ ತೋಟಾ ನೀನೇ ಮಾಡಿಕೊಳ್ಳಬಹುದು, ಹತ್ತಿರದ ಅಂಗಡಿಯಲ್ಲಿ ಮಾಲು ಮುಗಿದರೂ ಕೈಕಟ್ಟಿ ಕೂರಬೇಕಾಗಿಲ್ಲ.

ಹಾಗಾದರೆ ಸೆಂಟರ್‌ಫೈರ್ ಯಾಕೆ ಬೇಕು? ದೂರಕ್ಕೆ. ಸದ್ದು ಕಡಿಮೆ ಇರುವ ಸಬ್‌ಸಾನಿಕ್ (ಶಬ್ದಕ್ಕಿಂತ ನಿಧಾನದ) .22 ತೋಟಾಗೆ ರೈಫಲಿನ ಗುರಿಯನ್ನು 50 ಮೀಟರಿಗೆ ಹೊಂದಿಸಿಟ್ಟರೆ 100 ಮೀಟರಿನಲ್ಲಿ ಗುಂಡು ಸುಮಾರು ಒಂದು ಗೇಣು ಕೆಳಗೆ ಬಿದ್ದಿರುತ್ತದೆ. ಮೊಲದ ತಲೆ ಎಷ್ಟಿರುತ್ತದೆ ಅಂತ ನೋಡಿದರೆ ನಿನಗೇ ಗೊತ್ತಾಗುತ್ತದೆ, 60–70 ಮೀಟರ್ ದಾಟಿದರೆ ಗಾಯ ಮಾಡಿ ಕಳಿಸುವ ಸಾಧ್ಯತೆಯೇ ಜಾಸ್ತಿ. ಗಾಯಗೊಂಡ ಮೊಲ ಬಿಲ ಸೇರಿ ನರಳಿ ಸಾಯುತ್ತದೆ. ಪೀಡೆ ಎಂದು ಹೊಡೆಯುವ ಪ್ರಾಣಿಯಾದರೂ ಹಾಗೆ ಸಾಯಿಸುವ ಹಕ್ಕು ನಮಗಿಲ್ಲ. ಬಟಾಬಯಲಿನಲ್ಲಿ ಗುಂಡಿನ ಸದ್ದಿಗೆ ಎಚ್ಚೆತ್ತ ಮೊಲಗಳು 150 ಮೀಟರ್ ಒಳಗೆ ನಿನ್ನನ್ನು ಬಿಡುವುದಿಲ್ಲ, ಅಲ್ಲಿ ವೇಗದ ಗುಂಡು ಬೇಕೇ ಬೇಕು.

.22 ಹಾರ್ನೆಟ್ 1930ರ ಕಾಲದ್ದು, ಹೆಸರಲ್ಲಿ .22 ಇದ್ದರೂ ಸೆಂಟರ್‌ಫೈರ್, ನನಗೆ ತುಂಬಾ ಇಷ್ಟದ್ದು. ಸದ್ದು ಹಿತಮಿತ, ಭುಜಕ್ಕೆ ತಳ್ಳು ಇಲ್ಲವೆಂಬಷ್ಟು ಕಡಿಮೆ, 35 ಗ್ರೇನ್ (ಸುಮಾರು ಎರಡೂಕಾಲು ಗ್ರಾಂ) ತೂಕದ ಗುಂಡು ಸೆಕೆಂಡಿಗೆ 3000 ಅಡಿ ಆಸುಪಾಸಿನಲ್ಲಿ ಹೋಗುತ್ತದೆ. 150 ಮೀಟರ್ ತನಕ ಮೊಲಕ್ಕೆ ಇದಕ್ಕಿಂತ ಸರಿಯಾದದ್ದು ಇಲ್ಲ ಅಂತಲೇ ಹೇಳುತ್ತೇನೆ. ಮದ್ದೂ ಕಡಿಮೆ: ಒಂದು ಪೌಂಡ್ ಅಂದರೆ 7000 ಗ್ರೇನ್, ಹಾರ್ನೆಟ್ಟಿಗೆ ತೋಟಾವೊಂದಕ್ಕೆ ಸುಮಾರು 12 ಗ್ರೇನ್ ಅಂತ ಹಿಡಿದರೂ ಒಂದು ಡಬ್ಬಿಯಲ್ಲಿ 580ರಷ್ಟು ಆಗುತ್ತವೆ. .223ಕ್ಕೆ ಸುಮಾರು 25 ಗ್ರೇನ್ ಬೇಕು, ಅದೇ ಡಬ್ಬಿಯಲ್ಲಿ 280. ಲೆಕ್ಕ ನೋಡಿದರೆ ಹಾರ್ನೆಟ್ಟೇ ಗೆಲ್ಲಬೇಕು. ಆದರೂ ಹೊಸಬನಿಗೆ ನಾನು ಅದನ್ನು ಹೇಳುವುದಿಲ್ಲ. ಅದರ ಕೇಸಿನ ಕುತ್ತಿಗೆ ತುಂಬ ತೆಳು, ಗುಂಡು ಕೂರಿಸುವಾಗ ಸ್ವಲ್ಪ ಓರೆಯಾದರೂ ಮುದುಡಿಹೋಗುತ್ತದೆ. ಮದ್ದು ಇಷ್ಟು ಕಡಿಮೆ ಇರುವುದರಿಂದ ಅರ್ಧ ಗ್ರೇನ್ ಹೆಚ್ಚುಕಡಿಮೆ ಆದರೂ ಒತ್ತಡದಲ್ಲಿ ದೊಡ್ಡ ವ್ಯತ್ಯಾಸ. ಕೈ ಪಳಗಿದ ಮೇಲೆ ಸರಿ, ಕಲಿಯುವಾಗ ಬೇಡ. ಗಾಳಿಗೂ ಆ ಹಗುರ ಗುಂಡು ಬೇಗ ಓಲುತ್ತದೆ, ಅಲ್ಲಿ ವಾಯವ್ಯದಿಂದ ಗಾಳಿ ಎದ್ದರೆ ನಿಲ್ಲಲೇ ಕಷ್ಟ.

.222 ರೆಮಿಂಗ್ಟನ್ 1950ರಲ್ಲಿ ಬಂದದ್ದು, ಗುರಿ ಹಿಡಿಯುವುದರಲ್ಲಿ ಹೆಸರುವಾಸಿ. ಯಾರಾದರೂ ಹಿರಿಯರು ಒಳ್ಳೆಯ ಹಳೇ .222 ಮಾರುತ್ತಿದ್ದರೆ ಯೋಚನೆ ಮಾಡದೆ ತಗೋ, ಮೊಲಕ್ಕೆ .223ಗಿಂತ ಒಂದು ಕೂದಲೂ ಕಡಿಮೆ ಇಲ್ಲ. ಹೊಸದಾಗಿ ಹುಡುಕುವುದಾದರೆ ಮಾತ್ರ ಕೇಸು ಸಿಗುವುದು ಕಡಿಮೆಯಾಗುತ್ತಿದೆ. .204 ರೂಗರ್ 2004ರದ್ದು, 32 ಗ್ರೇನಿನ ಗುಂಡನ್ನು 4000 ಅಡಿಗೂ ಮೀರಿದ ವೇಗದಲ್ಲಿ ಎಸೆಯುತ್ತದೆ, ದಾರಿ ನೂಲು ಹಿಡಿದ ಹಾಗೆ ನೇರ. ಆದರೆ .20 ಅಳತೆಯ ಗುಂಡು ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. .22-250 ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮದ್ದು .223ರ ಒಂದೂವರೆ ಪಟ್ಟು ಕುಡಿಯುತ್ತದೆ, ಬೇಗ ಬೇಗ ಹೊಡೆದರೆ ಬ್ಯಾರಲ್ ಕಾದು ಸವೆಯುತ್ತದೆ. ಒಂದು ಸಂಜೆಗೆ ಹತ್ತಾರು ಮೊಲ ಹೊಡೆಯಬೇಕಾದ ಕೆಲಸಕ್ಕೆ ಅದು ಸರಿಯಾದ ಆಯ್ಕೆ ಅಲ್ಲ.

ಉಳಿದದ್ದು .223. 1964ರಲ್ಲಿ ಬಂದಾಗಿನಿಂದ ಇಷ್ಟು ಹರಡಿದ ಸಣ್ಣ ಸೆಂಟರ್‌ಫೈರ್ ಇನ್ನೊಂದಿಲ್ಲ. 55 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 3200 ಅಡಿ, 100 ಮೀಟರಿಗೆ ಹೊಂದಿಸಿದರೆ 200ರಲ್ಲಿ ನಾಲ್ಕು ಬೆರಳಷ್ಟು ಮಾತ್ರ ಕೆಳಗೆ. ಕೇಸು ಗಟ್ಟಿ, ಕಲಿಯುವವನ ಕೈಯನ್ನು ತಾಳಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಮುಲ್ವಾಲಾದಲ್ಲಿ ತಯಾರಾಗುವ ಎಡಿಐ ಮದ್ದುಗಳಲ್ಲಿ ಎಆರ್ 2206ಎಚ್, ಎಆರ್ 2208 ಎರಡೂ ಇದಕ್ಕೆ ಒಪ್ಪುತ್ತವೆ. ಎಷ್ಟು ಹಾಕಬೇಕು ಅನ್ನುವುದನ್ನು ಮದ್ದಿನ ಕಂಪನಿಯ ಕೈಪಿಡಿಯಲ್ಲೇ ನೋಡು, ಕೊಟ್ಟಿರುವ ಕನಿಷ್ಠದಿಂದ ಶುರು ಮಾಡು. ನಾನು ಮೇಲೆ ಬರೆದ ಗ್ರೇನುಗಳು ಡಬ್ಬಿಯ ಲೆಕ್ಕಕ್ಕಷ್ಟೇ, ತುಂಬಲು ಅಲ್ಲ. ಯಾರ ಬಾಯಿಮಾತಿನ ಅಳತೆಯನ್ನೂ ತುಂಬಬೇಡ, ನನ್ನದನ್ನೂ ಸೇರಿಸಿ. ಮೊದಲ ವರ್ಷ ಅಂಗಡಿಯ ತೋಟಾ ಹೊಡೆದು ಕೇಸು ಕೂಡಿಹಾಕು, ಅಷ್ಟರಲ್ಲಿ ಅನುಭವ ಇರುವ ಒಬ್ಬರ ಪಕ್ಕ ಕೂತು ತುಂಬುವುದನ್ನು ಕಲಿ. ಅಲ್ಲಿಯ ಹಿರಿಯ ಬೇಟೆಗಾರರು ಗ್ಯಾರೇಜಿನಲ್ಲಿ ಕೂರಿಸಿಕೊಂಡು ಖುಷಿಯಾಗಿ ಹೇಳಿಕೊಡುತ್ತಾರೆ, ಕೇಳಲು ಸಂಕೋಚ ಪಡಬೇಡ.

ಒಂದು ಎಚ್ಚರಿಕೆ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚಿನ ಮಸೀದಿಗಳಲ್ಲಿ 51 ಜನರ ಹತ್ಯೆಯಾದ ಮೇಲೆ ಸೆಮಿ ಆಟೊಮ್ಯಾಟಿಕ್ (ಒಂದು ಗುಂಡು ಹಾರಿದ ಕೂಡಲೇ ಮುಂದಿನ ತೋಟಾ ತಾನೇ ಏರುವ) ಸೆಂಟರ್‌ಫೈರ್ ರೈಫಲ್‌ಗಳನ್ನು ಅಲ್ಲಿ ಸಾಮಾನ್ಯರಿಗೆ ನಿಷೇಧ ಮಾಡಿದರು. ಬೋಲ್ಟ್ ಆಕ್ಷನ್ ಅಂತ ನಾನು ಒತ್ತಿ ಹೇಳಿದ್ದು ಅದಕ್ಕೂ ಹೌದು. ಲೈಸೆನ್ಸ್ ಇಲ್ಲದೆ ತೋಟಾ ಕೂಡ ಕೊಳ್ಳಲು ಬರುವುದಿಲ್ಲ. 2023ರ ಜೂನ್‌ನಿಂದ ಪ್ರತಿ ಬಂದೂಕೂ ನೋಂದಣಿಯಾಗಬೇಕೆಂಬ ವ್ಯವಸ್ಥೆ ಶುರುವಾಗಿದೆ. ಲೈಸೆನ್ಸಿಗೆ ಅರ್ಜಿ ಹಾಕಿದರೆ ಮನೆಗೇ ಬಂದು ಲಾಕರ್ ನೋಡುತ್ತಾರೆ, ಹೆಂಡತಿಯನ್ನೂ ಬೇರೆಯಾಗಿ ಕೂರಿಸಿ ಮಾತಾಡಿಸುತ್ತಾರೆ. ನಿನ್ನ ಮನೆಯವರು ಆಮೇಲೆ ಬರುತ್ತಾರೆ ಅಂದೆಯಲ್ಲ, ಈ ವಿಷಯ ಅವರಿಗೆ ಈಗಲೇ ಹೇಳಿಡು. ಮನೆಯಲ್ಲಿ ಬಂದೂಕು ಇಡುವುದು ಅವರಿಗೆ ಒಪ್ಪಿಗೆ ಇಲ್ಲ ಅಂದರೆ ಫಾರಂನ ಲಾಕರಿನಲ್ಲಿ ಇಡಲು ಆಗುತ್ತದಾ ಎಂದು ಮಾಲೀಕರನ್ನು ಕೇಳು, ಅದರಲ್ಲಿ ನಾಚಿಕೆ ಏನೂ ಇಲ್ಲ. ಲೈಸೆನ್ಸ್ ಬರುವ ತನಕ ಲೈಸೆನ್ಸ್ ಇರುವವರು ಪಕ್ಕದಲ್ಲೇ ನಿಂತು ನೋಡಿಕೊಳ್ಳುತ್ತಿದ್ದರೆ ನೀನು ಹೊಡೆಯಬಹುದು. ಆ ತಿಂಗಳುಗಳನ್ನು ಸುಮ್ನೆ ಕಳೆಯಬೇಡ, ಮಾಲೀಕರ .22ರಲ್ಲಿ ಅವರ ಜೊತೆಗೇ ಹೋಗಿ ಕೈ ಕುದುರಿಸಿಕೋ.

ಎಲ್ಲಕ್ಕಿಂತ ನನಗೆ ಚಿಂತೆ ಗುಂಡು ಎಲ್ಲಿ ಹೋಗುತ್ತದೆ ಅನ್ನುವುದರದ್ದು. ಸಾಮಾನ್ಯ .22 ಗುಂಡೂ ಒಂದು ಕಿಲೋಮೀಟರಿಗಿಂತ ದೂರ ಹೋಗುತ್ತದೆ, .223 ಅದಕ್ಕಿಂತಲೂ ದೂರ. ಮೊಲದ ಹಿಂದೆ ನಮ್ಮ ವಿ.ಸಿ. ನಾಲೆಯ ಏರಿಯಂಥ ಮಣ್ಣಿನ ಗೋಡೆ ಕಾಣಿಸದಿದ್ದರೆ ಟ್ರಿಗರ್ ಮುಟ್ಟಲೇಬೇಡ. ದಿಣ್ಣೆಯ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ಕೂತ ಮೊಲ ಎಷ್ಟೇ ಸುಲಭವಾಗಿ ಕಂಡರೂ ಅದನ್ನು ಬಿಟ್ಟುಬಿಡು. ಹಳೇ ಸೀಸದ ನಿಧಾನ ಗುಂಡು ಕಲ್ಲಿಗೆ ತಾಗಿ ಎಲ್ಲೆಲ್ಲಿಗೋ ಚಿಮ್ಮುತ್ತದೆ. .223ರಲ್ಲಿ ತುದಿಗೆ ಪ್ಲಾಸ್ಟಿಕ್ ಇರುವ, ತಾಗಿದ ಕೂಡಲೇ ಪುಡಿಯಾಗುವ ವಾರ್ಮಿಂಟ್ ಗುಂಡು ಹಾಕಿದರೆ ಚಿಮ್ಮುವುದು ಬಹಳ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ರಾತ್ರಿ ಸ್ಪಾಟ್‌ಲೈಟ್ ಹಿಡಿದು ಹೊಡೆಯುವುದು ಖಾಸಗಿ ಫಾರಂನಲ್ಲಿ ಮಾಮೂಲು, ಸರ್ಕಾರಿ ಸಂರಕ್ಷಿತ ಜಾಗದಲ್ಲಿ ನಿಷಿದ್ಧ. ಫಾರಂನಲ್ಲೂ ಹೊಳೆಯುವ ಕಣ್ಣು ಕಂಡ ಮಾತ್ರಕ್ಕೆ ಹೊಡೆಯಬಾರದು, ಕುರಿಮರಿಯ ಕಣ್ಣೂ ಹೊಳೆಯುತ್ತದೆ, ನಾಯಿಯದೂ ಹೊಳೆಯುತ್ತದೆ. ಪೂರ್ತಿ ಮೈ ಕಾಣಬೇಕು. ಕುರಿ ಮರಿ ಹಾಕುವ ಕಾಲದಲ್ಲಿ ಆ ಬೇಲಿಗಳ ಹತ್ತಿರ ಸದ್ದು ಮಾಡಬಾರದು, ಯಾವ ತಿಂಗಳು ಅಂತ ಮಾಲೀಕರನ್ನೇ ಕೇಳಿಕೋ. ಸದ್ದಡಗಿಸುವ ಸಪ್ರೆಸರ್ ಅಲ್ಲಿ ಕಾನೂನುಬದ್ಧ, ಮೊದಲ ದಿನವೇ ಹಾಕಿಸು. ನಿನ್ನ ಕಿವಿಗೂ ಒಳ್ಳೆಯದು, ಪಕ್ಕದ ಮನೆಯವರಿಗೂ ಒಳ್ಳೆಯದು.

ತಿನ್ನುವ ವಿಷಯವನ್ನೂ ಕೇಳಿದ್ದೀಯ. .223ರ ವಾರ್ಮಿಂಟ್ ಗುಂಡು ಮೈಗೆ ಬಿದ್ದರೆ ಮಾಂಸ ಉಳಿಯುವುದಿಲ್ಲ, ಸಾರಿಗೆ ಆಗುವಂಥದ್ದು ಬೇಕಿದ್ದರೆ .22ರಲ್ಲಿ ಹತ್ತಿರದಿಂದ ತಲೆಗೇ ಹೊಡೆಯಬೇಕು. ಅದಕ್ಕೇ ಮೊದಲ ರೈಫಲ್ .22 ಇರಲಿ ಅಂದದ್ದು. ಮಸಾಲೆ ರುಬ್ಬಿ ಮುದ್ದೆ ಜೊತೆ ಮಾಡಿದರೆ ತುಂಬ ಚೆನ್ನಾಗಿರುತ್ತದೆ, ಕೊಬ್ಬು ಕಡಿಮೆ ಇರುವುದರಿಂದ ನಿಧಾನಕ್ಕೆ ಬೇಯಿಸು. ಆದರೆ ಆ ಜಾಗದಲ್ಲಿ ಪಿಂಡೋನ್ ಅಥವಾ 1080 ವಿಷ ಇಟ್ಟಿದ್ದಾರಾ ಎಂದು ಕೇಳದೆ ಒಂದು ತುಂಡನ್ನೂ ಬಾಯಿಗೆ ಹಾಕಬೇಡ, ನಾಯಿಗೂ ಹಾಕಬೇಡ.

ಇನ್ನೊಂದು, ಇದನ್ನು ಅಲ್ಲಿ ಯಾರೂ ನಿನಗೆ ಹೇಳುವುದಿಲ್ಲ. ಬೇಟೆಗೆ ಹಾಕುವ ಜಾಕೆಟ್ಟು, ಬ್ಯಾಗು ಎರಡನ್ನೂ ಊರಿಗೆ ಬರುವಾಗ ತರಬೇಡ. ಜೇಬಿನ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೂ ಇಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಹಾಕುತ್ತಾರೆ. ತೋಟಾದ ಖಾಲಿ ಕವಚವನ್ನೂ ನೆನಪಿಗೆ ಅಂತ ತರಬೇಡ.

ಹೊರಡುವ ಮುಂಚೆ ಮಾಲೀಕರಿಗೆ ಒಂದು ಫೋನ್ ಮಾಡು. ಸಾಮಾನ್ಯವಾಗಿ ಎಷ್ಟು ದೂರದಿಂದ ಹೊಡೆಯುತ್ತಾರೆ, ಪಕ್ಕದ ಮನೆ ಎಷ್ಟು ಹತ್ತಿರ, ಅವರ ಹತ್ತಿರ ಆಗಲೇ ಯಾವ ಕ್ಯಾಲಿಬರ್ ಇದೆ, ಇದಿಷ್ಟು ಕೇಳಿ ನನಗೆ ಬರೆ. ಅವರ ಬಳಿ .222ರ ಡೈ, ಕೇಸು ಎಲ್ಲ ರಾಶಿ ಬಿದ್ದಿದ್ದರೆ ನಾನು ಮೇಲೆ ಹೇಳಿದ್ದನ್ನು ಬಿಟ್ಟು ನೀನೂ .222ನ್ನೇ ತಗೋ.