ಓದುಗರ ಪ್ರಶ್ನೆ: ಹಡಗಿನಿಂದ ಲಕ್ಷದ್ವೀಪಕ್ಕೆ

ಪ್ರಶ್ನೆ: ಕೊಚ್ಚಿಯಿಂದ ಹಡಗಿನ ಪ್ಯಾಕೇಜಿನಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡುವ ಆಸೆ. ಕಾಫಿ ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಹೊರಟರೆ ತಡವಾಗುತ್ತದೆಯೇ? (ಮೂಡಿಗೆರೆ)

ಉತ್ತರ: ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ, ನೀರೂ ತಿಳಿಯಾಗಿರುತ್ತದೆ. ಸೆಕೆ ಮಾತ್ರ ಮಲೆನಾಡಿನವರಿಗೆ ಜೋರೆನಿಸುತ್ತದೆ. ಮೇ ಮಧ್ಯದ ನಂತರದ ಯೋಚನೆ ಬಿಡಿ, ಮುಂಗಾರಿನ ಅಲೆಯಲ್ಲಿ ಪ್ರವಾಸಿಗರನ್ನು ದ್ವೀಪಕ್ಕೆ ಇಳಿಸುವುದೇ ಕಷ್ಟ. ಪ್ರವೇಶ ಪರವಾನಗಿ ಕಡ್ಡಾಯ. ಅದಕ್ಕೆ ಬೇಕಾಗುವ ಪೊಲೀಸ್ ಪರಿಶೀಲನಾ ಪತ್ರಕ್ಕೆ ಕೊಯ್ಲಿನ ನಡುವೆಯೇ ಅರ್ಜಿ ಹಾಕಿ. ಆಧಾರ್, ಟಿಕೆಟ್, ಪರವಾನಗಿ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ತಕರಾರು ಬರಬಹುದು. ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸುವವರು ಯಾರೆಂದು ಹೊರಡುವ ಮೊದಲೇ ಗೊತ್ತುಮಾಡಿ, ನಡುಗಡಲಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ.

ಪ್ರಶ್ನೆ: ಹಡಗು ದಡದ ತನಕ ಹೋಗುವುದಿಲ್ಲವಂತೆ. ನಮ್ಮ ಅಮ್ಮನಿಗೆ 68 ವರ್ಷ, ಮಂಡಿನೋವಿದೆ. ಕರೆದುಕೊಂಡು ಹೋಗಬಹುದೇ? (ಹಾಸನ)

ಉತ್ತರ: ಇಡೀ ಪ್ರವಾಸದಲ್ಲಿ ಮುಖ್ಯವಾಗಿ ಯೋಚಿಸಬೇಕಾದದ್ದು ಇದನ್ನೇ. ಲಗೂನ್, ಅಂದರೆ ಹವಳದ ದಿಬ್ಬದೊಳಗಿನ ನೀರು, ಆಳವಿಲ್ಲ. ಆದ್ದರಿಂದ ದೊಡ್ಡ ಹಡಗು ಹೆಚ್ಚಾಗಿ ಹೊರಗಿನ ಆಳದಲ್ಲೇ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲಿಂದ ಸಣ್ಣ ದೋಣಿಗೆ ಇಳಿಯಬೇಕು. ಆಗ ಹಡಗು ಹೆಚ್ಚು ಅಲುಗದಿದ್ದರೂ ದೋಣಿ ಅಲೆಯ ಜೊತೆ ಏರಿಳಿಯುತ್ತಿರುತ್ತದೆ. ದೋಣಿ ಮೇಲೆ ಬಂದು ಬಾಗಿಲ ಮಟ್ಟಕ್ಕೆ ನಿಂತ ಹಾಗೆ ಕಾಣುವ ಒಂದು ಕ್ಷಣ ಇದೆಯಲ್ಲ, ಕಾಲಿಡಬೇಕಾದದ್ದು ಆಗ. ಇಳಿಯತೊಡಗಿದ ಮೇಲೆ ಕಾಲಿಟ್ಟರೆ ಪಾದಕ್ಕೆ ಸಿಗಬೇಕಾದ ಹಲಗೆ ಕೆಳಗೆ ಜಾರಿರುತ್ತದೆ, ಮಂಡಿ ಉಳುಕುವುದು ಹೀಗೆ. ಸಿಬ್ಬಂದಿ ಎರಡೂ ಕಡೆಯಿಂದ ತೋಳು ಹಿಡಿಯುತ್ತಾರೆ. ಅವರು ‘ಈಗ’ ಎನ್ನುವ ತನಕ ಕಾಯಿರಿ, ಅಂದ ಮೇಲೆ ತಡೆಯಬೇಡಿ. ಎರಡೂ ಕೈ ಖಾಲಿ ಇರಲಿ, ಸಾಮಾನೆಲ್ಲ ಬೆನ್ನಚೀಲದಲ್ಲಿರಲಿ. ದೋಣಿಯ ಅಂಚಿನ ಮೇಲೆ ಬೆರಳಿಡಲೇಬೇಡಿ, ಹಡಗಿಗೆ ಬಡಿದಾಗ ನಜ್ಜುಗುಜ್ಜಾಗುತ್ತದೆ. ಸೀರೆಗಿಂತ ಚೂಡಿದಾರ್ ವಾಸಿ. ಲೈಫ್ ಜಾಕೆಟ್‌ನ ಎಲ್ಲ ಬಕಲ್ ಹಾಕಿಸಿ.

ಮನೆ ಜಗಲಿಯಿಂದ ಒಂದಡಿ ಕೆಳಕ್ಕೆ, ಒಬ್ಬರ ಕೈ ಹಿಡಿದು, ನಿಲ್ಲದೆ ಇಳಿಯಲು ಅಮ್ಮನಿಗೆ ಆಗುತ್ತದೆಯೇ ಎಂದು ಮೊದಲೇ ನೋಡಿ. ಮೂರು ದ್ವೀಪಕ್ಕೆ ಹೋಗಿಬರಲು ಇದನ್ನು ಆರು ಸಲ ಮಾಡಬೇಕಾಗಬಹುದು. ಆಗದಿದ್ದರೆ ಒತ್ತಾಯ ಮಾಡಬೇಡಿ. ಅಗತ್ತಿ ದ್ವೀಪಕ್ಕೆ ವಿಮಾನವಿದೆ, ಅವರಿಗೆ ಆ ದಾರಿ ಒಳ್ಳೆಯದು.

ಪ್ರಶ್ನೆ: ಚಾರ್ಮಾಡಿ ಘಾಟಿಯಲ್ಲೇ ನನಗೆ ವಾಂತಿಯಾಗುತ್ತದೆ. ಹಡಗಿನಲ್ಲಿ? (ಕೊಟ್ಟಿಗೆಹಾರ)

ಉತ್ತರ: ದ್ವೀಪಗಳು ಕೊಚ್ಚಿಯಿಂದ 220ರಿಂದ 440 ಕಿ.ಮೀ. ದೂರ, ರಾತ್ರಿಯಿಡೀ ಪ್ರಯಾಣ. ಹಡಗಿನ ನಡುಭಾಗದ, ಕೆಳ ಅಂತಸ್ತಿನ ಬರ್ತ್ ಕೇಳಿ, ಅಲ್ಲಿ ಓಲಾಟ ಕಡಿಮೆ. ಮೆಕ್ಲಿಜೀನ್ ಅಥವಾ ಪ್ರೊಮೆಥಜೀನ್ ಇರುವ ಮಾತ್ರೆಯನ್ನು ವೈದ್ಯರನ್ನು ಕೇಳಿ, ಹೊರಡುವ ಸುಮಾರು ಒಂದು ಗಂಟೆ ಮೊದಲು ತೆಗೆದುಕೊಳ್ಳಿ. ವಾಂತಿ ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಹೊರಬರುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಖಾಲಿ ಹೊಟ್ಟೆ ಬೇಡ, ಎಣ್ಣೆಯ ತಿಂಡಿಯೂ ಬೇಡ. ಹಗಲಲ್ಲಿ ಡೆಕ್‌ಗೆ ಬಂದು ದಿಗಂತ ನೋಡುತ್ತಾ ಕೂರಿ, ಮೊಬೈಲ್ ನೋಡಬೇಡಿ.

ಪ್ರಶ್ನೆ: ದಡದಲ್ಲಿ ಬಿದ್ದ ಹವಳದ ತುಂಡು ತರಬಹುದೇ? (ಅರಸೀಕೆರೆ)

ಉತ್ತರ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಕ್ಕೆ ರಕ್ಷಣೆಯಿದೆ, ಸತ್ತ ತುಂಡಾದರೂ ಚೀಲದಲ್ಲಿ ಸಿಕ್ಕರೆ ತೊಂದರೆ.

ಪ್ರಶ್ನೆ: ನೀರೊಳಗೆ ನೋಡಲು ಮುಖಕ್ಕೆ ಹಾಕುವ ಸ್ನಾರ್ಕೆಲ್ ಮಾಸ್ಕ್ ಒಳಗೆ ನೀರು ನುಗ್ಗದಂತೆ ಏನು ಮಾಡಬೇಕು? (ಬೇಲೂರು)

ಉತ್ತರ: ಬಾಡಿಗೆಗೆ ಪಡೆಯುವಾಗ ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಡಿ. ಅಂಟಿಕೊಂಡು ನಿಂತರೆ ಸರಿ, ಜಾರಿದರೆ ಬೇರೆಯದು ಕೇಳಿ. ನೀರು ನುಗ್ಗಲು ಕಾರಣ ಹೆಚ್ಚಾಗಿ ಅಂಚಿಗೆ ಸಿಕ್ಕ ಕೂದಲು ಅಥವಾ ಮೀಸೆ. ಪಟ್ಟಿಯನ್ನು ಎಳೆದು ಬಿಗಿದಷ್ಟೂ ಅಂಚು ಸುಕ್ಕಾಗಿ ಸೋರಿಕೆ ಹೆಚ್ಚುತ್ತದೆ. ನೀರಲ್ಲಿ ದಣಿದರೆ ಹವಳದ ಮೇಲೆ ನಿಲ್ಲಬೇಡಿ, ಜಾಕೆಟ್ ನಂಬಿ ಅಂಗಾತ ತೇಲಿ. ಹವಳ ತರಚಿದ ಗಾಯ ಬೇಗ ಕೀವಾಗುತ್ತದೆ. ಕುಡಿಯುವ ನೀರಿನಿಂದಲೇ ಚೆನ್ನಾಗಿ ತೊಳೆದು, ಒಳಗೆ ಉಳಿದ ಚೂರು ತೆಗೆದು, ಆಮೇಲೆ ಮುಲಾಮು ಹಚ್ಚಿ.