ಕೋಲಾರದ ನಮ್ಮ ಮನೆ ಮಾವಿನ ಮರದ ತುಂಬಾ ಹೂವಿದೆ, ಕಾಯಿ ಮಾತ್ರ ನಿಲ್ಲುತ್ತಿಲ್ಲ. ಜೇನು ಬರದೇ ಇರುವುದಕ್ಕಾ?

ಜೇನು ಕಾಣಲಿಲ್ಲ ಅಂತ ಗಾಬರಿ ಬೇಡ. ಮಾವಿನ ಹೂವಿಗೆ ನೊಣಗಳೇ ಜಾಸ್ತಿ ಬರುತ್ತವೆ. ಹೌದು, ನಾವು ಛೀ ಅಂತ ಓಡಿಸುವ ಅದೇ ನೊಣ. ಜೊತೆಗೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಹಳದಿ ಪಟ್ಟೆಯ ಹೂನೊಣ, ಪುಟ್ಟ ನಸರಿ ಜೇನು ಕೂಡ ಬರುತ್ತವೆ.

ಒಂದು ಗೊಂಚಲಲ್ಲಿ ಸಾವಿರಾರು ಹೂವಿರಬಹುದು, ಆದರೆ ಎಷ್ಟೋ ಹೂವು ಬರೀ ಗಂಡು, ಅವು ಕಾಯಿ ಕಟ್ಟುವುದೇ ಇಲ್ಲ. ಗಂಡು ಹೆಣ್ಣು ಎರಡೂ ಭಾಗ ಇರುವ ಹೂವು ಮಾತ್ರ ಕಾಯಾಗುತ್ತದೆ, ಅದರಲ್ಲೂ ಬಹುಪಾಲು ಕಡಲೆ ಗಾತ್ರ ಇರುವಾಗಲೇ ಉದುರುತ್ತವೆ. ನೂರಕ್ಕೆ ಒಂದು ಹೂವೂ ಹಣ್ಣಾಗುವುದಿಲ್ಲ ಅನ್ನಿ. ಗೊಂಚಲಿಗೆ ಒಂದೆರಡು ಉಳಿದರೆ ಶ್ರೀನಿವಾಸಪುರದ ತೋಟದವರಿಗೂ ಖುಷಿಯೇ.

ಒಂದೂ ನಿಲ್ಲುತ್ತಿಲ್ಲ ಅಂದರೆ ಹೂವಿನ ಮೇಲೆ ಬಿಳಿ ಪುಡಿ ಇದೆಯಾ, ಎಲೆ ಅಂಟಂಟಾಗಿದೆಯಾ ನೋಡಿ. ಮೊದಲನೆಯದು ಬೂದಿ ರೋಗ, ಎರಡನೆಯದು ಸಾಮಾನ್ಯವಾಗಿ ಜಿಗಿಹುಳುವಿನ ಕೆಲಸ. ಔಷಧಿ ಹೊಡೆಯುವುದಾದರೆ ಇನ್ನೂ ಮೊಗ್ಗಿರುವಾಗಲೇ ಹೊಡೆಯಬೇಕು. ಹೂವು ಪೂರ್ತಿ ಅರಳಿದ ಮೇಲೆ ಕೀಟನಾಶಕ ಹೊಡೆದರೆ ನೊಣ, ಜೇನು ಎಲ್ಲ ಸಾಯುತ್ತವೆ. ನಾನು ಒಂದು ಸಲ ಇದೇ ತಪ್ಪು ಮಾಡಿದ್ದೆ, ಆ ವರ್ಷ ಉಪ್ಪಿನಕಾಯಿಗೂ ಮಾವು ಕೊಂಡೇ ತಂದದ್ದು.

ಮರದ ಹತ್ತಿರ ಕೊತ್ತಂಬರಿ, ಸಬ್ಬಸಿಗೆ ನಾಲ್ಕು ಗಿಡ ಕೀಳದೆ ಹೂವಾಗಲು ಬಿಡಿ. ಹೂನೊಣಕ್ಕೆ ಆ ಪುಟ್ಟ ಹೂಗಳು ಇಷ್ಟ, ಅದರ ಮರಿಗಳು ಗಿಡದ ರಸ ಹೀರುವ ಸಸ್ಯಹೇನು ತಿನ್ನುವುದು ಬೇರೆ ಲಾಭ. ಅಂಗಳದಲ್ಲಿ ತುಳಸಿ ಇದ್ದೇ ಇರುತ್ತೆ ಅಲ್ವಾ, ಅದರ ಕದಿರನ್ನೆಲ್ಲ ಸುಮ್ನೆ ಚಿವುಟಬೇಡಿ.